ನಿಮಗಿದು ಗೊತ್ತೇ? ಕೂಸಿನ ಕೆಮ್ಮು, ಅರವತ್ತರ ಉಸಿರು

ನಮ್ಮಲ್ಲಿ ಇದು ನಾಯಿಕೆಮ್ಮು. ಚೀನಾ, ಜಪಾನಿನವರ ಬಾಯಲ್ಲಿ ‘ನೂರು ದಿನದ ಕೆಮ್ಮು’. ಹಿಂದಿಯವರಿಗೆ ‘ಕಾಲಿ ಖಾಂಸಿ’, ಅಂದರೆ ಕಪ್ಪು ಕೆಮ್ಮು. ಇಂಗ್ಲಿಷಿನವರು ಹೆಸರಿಟ್ಟಿದ್ದು ಶಬ್ದ ಕೇಳಿ: ಕೆಮ್ಮಿ ಕೆಮ್ಮಿ ಉಸಿರೆಲ್ಲ ಬರಿದಾದ ಮಗು ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಗಂಟಲಿನಿಂದ ಬರುವ ‘ಹೂಪ್’. ಲೆಕ್ಕದಲ್ಲಿ ಗೆದ್ದವರು ಚೀನೀಯರೇ. ಆರರಿಂದ ಹತ್ತು ವಾರ ಕೆಮ್ಮುವುದು ಮಾಮೂಲು, ಕೆಲವರಿಗೆ ಮೂರು ತಿಂಗಳೂ ದಾಟುತ್ತದೆ.

•

ಹಾಗೆಂದು ಕನ್ನಡದ ಹೆಸರನ್ನು ತಳ್ಳಿಹಾಕುವಂತಿಲ್ಲ. ನಾಯಿಗಳಿಗೆ ಬರುವ ಗೂಡುಕೆಮ್ಮಿನ ಒಂದು ಮುಖ್ಯ ಕಾರಣ ಬಾರ್ಡಿಟೆಲ್ಲಾ ಬ್ರಾಂಕಿಸೆಪ್ಟಿಕಾ ಎಂಬ ಬ್ಯಾಕ್ಟೀರಿಯಾ. ನಮ್ಮ ಮಕ್ಕಳನ್ನು ಕಾಡುವುದು ಅದರ ದಾಯಾದಿ, ಬಾರ್ಡಿಟೆಲ್ಲಾ ಪರ್ಟುಸಿಸ್. 2003ರಲ್ಲಿ ಇವೆರಡರ ಪೂರ್ತಿ ಜೀನೋಮ್ ಓದಿದ ವಿಜ್ಞಾನಿಗಳಿಗೆ ಕಂಡದ್ದು ಇಷ್ಟು: ನಾಯಿ, ಹಂದಿ, ಮೊಲ ಎಂದು ಸಿಕ್ಕಲ್ಲೆಲ್ಲ ಬಾಳುವ ಬ್ರಾಂಕಿಸೆಪ್ಟಿಕಾದಂಥ ಪೂರ್ವಜವೊಂದು ನೂರಾರು ಜೀನ್‌ಗಳನ್ನು ಕಳೆದುಕೊಂಡು, ಮನುಷ್ಯರ ಗಂಟಲಿಗಷ್ಟೇ ಒಗ್ಗಿಕೊಂಡು ಪರ್ಟುಸಿಸ್ ಆಗಿದೆ. ಹೆಸರಿಟ್ಟ ನಮ್ಮ ಹಿರಿಯರಿಗೆ ಜೀನೋಮ್ ಗೊತ್ತಿರಲಿಲ್ಲ. ಅವರು ಬೊಗಳಿದ ಹಾಗೆ ಕೇಳುವ ಕೆಮ್ಮಿಗೆ ಹೆಸರಿಟ್ಟರು, ಅದು ವಂಶವೃಕ್ಷಕ್ಕೂ ಹೊಂದಿಕೊಂಡಿತು.

•

ಈ ಬ್ಯಾಕ್ಟೀರಿಯಾವನ್ನು 1906ರಲ್ಲಿ ಬೆಳೆಸಿ ತೋರಿಸಿದವರು ಬ್ರಸೆಲ್ಸ್‌ನ ಜೂಲ್ ಬೋರ್ಡೆ ಮತ್ತು ಒಕ್ಟಾವ್ ಜಾಂಗೂ. ಬೆಳೆಸಿದ್ದು ಯಾವುದರಲ್ಲಿ? ಆಲೂಗೆಡ್ಡೆ, ಗ್ಲಿಸರಿನ್, ರಕ್ತ ಸೇರಿಸಿದ ಅಗರ್‌ನಲ್ಲಿ. ಬೋರ್ಡೆಗೆ 1919ರ ನೊಬೆಲ್ ಬಂತು, ಆದರೆ ಈ ಕೆಲಸಕ್ಕಲ್ಲ, ರೋಗನಿರೋಧಕ ಶಕ್ತಿಯ ಬೇರೆ ಸಂಶೋಧನೆಗೆ.

•

ಮೂರು ತಿಂಗಳೊಳಗಿನ ಕೂಸಿಗೆ ನಾಯಿಕೆಮ್ಮು ಬಂದರೆ ಎಷ್ಟೋ ಸಲ ‘ಹೂಪ್’ ಶಬ್ದವೇ ಕೇಳುವುದಿಲ್ಲ. ಹಾಗೆ ಎಳೆದುಕೊಳ್ಳುವಷ್ಟು ಶಕ್ತಿ ಅದರ ಎದೆಗೆ ಇನ್ನೂ ಬಂದಿರುವುದಿಲ್ಲ. ಕೆಲವು ಕೂಸುಗಳು ಕೆಮ್ಮುವುದೂ ಇಲ್ಲ. ಸುಮ್ಮನೆ ಉಸಿರು ನಿಲ್ಲಿಸಿಬಿಡುತ್ತವೆ, ತುಟಿ ನೀಲಿಗಟ್ಟುತ್ತದೆ. ‘ಕೆಮ್ಮೇ ಇಲ್ಲವಲ್ಲ, ನಾಯಿಕೆಮ್ಮು ಹೇಗಾದೀತು’ ಎಂದು ಮನೆಯವರು ತಡಮಾಡುವುದು ಇಲ್ಲೇ. ನೀಲಿಗಟ್ಟಿದ, ಉಸಿರು ನಿಲ್ಲಿಸಿದ ಕೂಸಿಗೆ ಮನೆಮದ್ದಿಲ್ಲ, ಆಸ್ಪತ್ರೆಯೇ.

•

ಶ್ವಾಸನಾಳದ ಒಳಗೋಡೆಯ ಒಂದೊಂದು ಜೀವಕೋಶದ ಮೇಲೂ ಸುಮಾರು ಇನ್ನೂರು ಸೂಕ್ಷ್ಮ ರೋಮಗಳಿರುತ್ತವೆ. ಸೆಕೆಂಡಿಗೆ ಹತ್ತಾರು ಬಾರಿ ಬೀಸುತ್ತ, ಗದ್ದೆಯ ಮೇಲೆ ಗಾಳಿ ಹಾದಂತೆ, ಕಫ ಧೂಳುಗಳನ್ನು ಮೇಲಕ್ಕೆ ಗುಡಿಸುವುದೇ ಅವುಗಳ ಕಸುಬು. ಪರ್ಟುಸಿಸ್ ಕಚ್ಚಿ ಕೂರುವುದು ಈ ಪೊರಕೆಗಳಿಗೇ. ಅದು ಬಿಡುವ ವಿಷವೊಂದು ರೋಮವಿರುವ ಜೀವಕೋಶಗಳನ್ನೇ ಆರಿಸಿ ಕೊಲ್ಲುತ್ತದೆ. ಗುಡಿಸುವವರಿಲ್ಲದ ಮನೆಯಲ್ಲಿ ಕಸ ಎತ್ತಲು ಉಳಿಯುವ ದಾರಿ ಒಂದೇ: ಕೆಮ್ಮು.

ಆಂಟಿಬಯಾಟಿಕ್ ಕೊಟ್ಟರೂ ಕೆಮ್ಮು ನಿಲ್ಲುತ್ತಿಲ್ಲವೆಂದು ಡಾಕ್ಟರರನ್ನು ಬೈಯುವವರು ಇದನ್ನು ಗಮನಿಸಬೇಕು. ತಡವಾಗಿ ಕೊಟ್ಟ ಔಷಧಿ ಬ್ಯಾಕ್ಟೀರಿಯಾವನ್ನು ಕೊಂದು, ಪಕ್ಕದವರಿಗೆ ಹರಡದಂತೆ ತಡೆಯುತ್ತದೆ. ಸತ್ತ ಜೀವಕೋಶಗಳ ಜಾಗದಲ್ಲಿ ಹೊಸ ರೋಮ ಚಿಗುರಿಸುವ ಕೆಲಸ ಅದರದ್ದಲ್ಲ, ಅದಕ್ಕೆ ವಾರಗಳೇ ಬೇಕು.

•

ಗುಣವಾಗಿ ತಿಂಗಳುಗಳಾದ ಮೇಲೆ ಮಗುವಿಗೆ ಬರೀ ನೆಗಡಿಯಾದರೂ ಹಳೆಯ ‘ಹೂಪ್’ ಮರಳಿ ಬರುವುದುಂಟು. ರೋಗ ಮತ್ತೆ ಬಂತೆಂದು ಮನೆಯವರು ಹೌಹಾರುತ್ತಾರೆ. ಬಂದಿರುವುದಿಲ್ಲ. ಬ್ಯಾಕ್ಟೀರಿಯಾ ಯಾವತ್ತೋ ಹೋಗಿರುತ್ತದೆ, ಉಳಿದಿರುವುದು ಗಂಟಲಿನ ಅಭ್ಯಾಸ.

•

ಈಗ ದೊಡ್ಡ ಪ್ರಶ್ನೆ. ಕೂಸಾಗಿದ್ದಾಗ ಬಂದುಹೋದ ನಾಯಿಕೆಮ್ಮು ಅರವತ್ತರ ವಯಸ್ಸಿನ ಉಸಿರಿನಲ್ಲಿ ಗುರುತು ಬಿಟ್ಟಿರುತ್ತದೆಯೇ? ಇದಕ್ಕೆ ಉತ್ತರ ಬೇಕಾದರೆ ಅರವತ್ತು ವರ್ಷದ ಹಿಂದೆ ಯಾರಾದರೂ ಬರೆದಿಟ್ಟಿರಬೇಕು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಎಂಬ ಕೌಂಟಿಯಲ್ಲಿ ಬರೆದಿಟ್ಟಿದ್ದರು.

1911ರಲ್ಲಿ ಅಲ್ಲಿನ ಮುಖ್ಯ ಆರೋಗ್ಯ ಸಂದರ್ಶಕಿಯಾಗಿದ್ದವರು ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್. ಕೌಂಟಿಯಲ್ಲಿ ಹುಟ್ಟಿದ ಮಗುವಿನ ತೂಕವನ್ನು ಸೂಲಗಿತ್ತಿ ದಾಖಲಿಸಬೇಕು; ಆಮೇಲೆ ಸಂದರ್ಶಕಿಯರು ಮನೆಮನೆಗೆ ಹೋಗಿ ಮಗು ಎದೆಹಾಲು ಕುಡಿಯುತ್ತಿದೆಯೋ ಬಾಟಲಿಯದೋ, ಏನೇನು ಕಾಯಿಲೆ ಬಂತು, ವರ್ಷ ತುಂಬಿದಾಗ ತೂಕವೆಷ್ಟು, ಹಲ್ಲೆಷ್ಟು ಎಂದು ಲೆಡ್ಜರಿನಲ್ಲಿ ಬರೆಯಬೇಕು. ಇದು ಆಕೆ ಹಾಕಿದ ಕ್ರಮ. ನಮ್ಮ ಆಶಾ ಕಾರ್ಯಕರ್ತೆಯರ ರಿಜಿಸ್ಟರ್ ನೋಡಿದವರಿಗೆ ಈ ಕಾಲಂಗಳು ಪರಿಚಿತ ಎನಿಸಬಹುದು. ಮೂರು ದಶಕಕ್ಕೂ ಹೆಚ್ಚು ಕಾಲ ತುಂಬಿಸಿದ ಆ ಪುಸ್ತಕಗಳನ್ನು ಆಮೇಲೆ ಯಾರೂ ತೆರೆಯಲಿಲ್ಲ. 1986ರಲ್ಲಿ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಎಂಬ ವೈದ್ಯರ ತಂಡಕ್ಕೆ ಅವು ಸಿಕ್ಕವು.

ಬಾರ್ಕರ್ ತಂಡ ಲೆಡ್ಜರಿನ ಕೂಸುಗಳನ್ನು ಹುಡುಕಿಕೊಂಡು ಹೊರಟಿತು. 1911ರಿಂದ 1930ರ ನಡುವೆ ಹುಟ್ಟಿದ 5,718 ಗಂಡಸರ ಜಾಡು ಸಿಕ್ಕಿತು, ಅವರಲ್ಲಿ 55 ಮಂದಿ ಶ್ವಾಸನಾಳ ಕಟ್ಟಿಕೊಳ್ಳುವ ದೀರ್ಘಕಾಲದ ಕಾಯಿಲೆಯಿಂದ ಸತ್ತಿದ್ದರು. ಅದೇ ಕೌಂಟಿಯಲ್ಲಿ ಇನ್ನೂ ಬದುಕಿದ್ದ 825 ಮಂದಿಯ ಉಸಿರನ್ನೂ ಅಳೆದರು. ಆಗ ಅವರ ವಯಸ್ಸು 59ರಿಂದ 70. ನಳಿಕೆಯೊಳಗೆ ಜೋರಾಗಿ ಊದಿದರೆ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಎನ್ನುವುದೇ ಅಳತೆ. ಹುಟ್ಟಿದ ಮೊದಲ ವರ್ಷದಲ್ಲಿ ನ್ಯುಮೋನಿಯಾ ಅಥವಾ ಬ್ರಾಂಕೈಟಿಸ್ ಬಂದಿದ್ದವರು ಉಳಿದವರಿಗಿಂತ 0.17 ಲೀಟರ್ ಕಡಿಮೆ ಊದಿದರು. ನಾಯಿಕೆಮ್ಮು ಬಂದಿದ್ದವರು 0.22 ಲೀಟರ್ ಕಡಿಮೆ. 1991ರಲ್ಲಿ ಈ ವರದಿ ಪ್ರಕಟವಾಯಿತು.

•

0.22 ಲೀಟರ್ ಎಂದರೆ ಎಷ್ಟು? ಮನೆಯಲ್ಲಿ ನೀರು ಕುಡಿಯುವ ಸಣ್ಣ ಲೋಟದಷ್ಟು. ಇಷ್ಟಕ್ಕೇ ಏನಾಯಿತು ಎನ್ನಬೇಡಿ. ಇಪ್ಪತ್ತೈದು ದಾಟಿದ ಆರೋಗ್ಯವಂತರೂ ಈ ಊದುಶಕ್ತಿಯಲ್ಲಿ ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರ್ ಕಳೆದುಕೊಳ್ಳುತ್ತ ಹೋಗುತ್ತಾರೆ. ಆ ಲೆಕ್ಕದಲ್ಲಿ ಒಂದು ಲೋಟ ಗಾಳಿ ಎಂದರೆ ಏಳೆಂಟು ವರ್ಷದ ಮುಪ್ಪು ಮುಂಗಡವಾಗಿ ಬಂದಂತೆ.

•

ಇದು ಸರಾಸರಿಯ ಮಾತು ಎನ್ನುವುದನ್ನು ಮರೆಯುವಂತಿಲ್ಲ. ಆ 0.22ರ ಸುತ್ತ ಅಂದಾಜಿನ ವ್ಯಾಪ್ತಿ ದೊಡ್ಡದಿದೆ: ನಿಜವಾದ ನಷ್ಟ 0.02 ಲೀಟರೂ ಇರಬಹುದು, 0.42 ಕೂಡ ಇರಬಹುದು. ಮೊದಲನೆಯದು ನಾಲ್ಕು ಟೀ ಚಮಚದಷ್ಟು, ಎರಡನೆಯದು ಅರ್ಧ ಲೀಟರಿಗೆ ಹತ್ತಿರ.

•

ಹರ್ಟ್‌ಫರ್ಡ್‌ಶೈರ್ ಕಥೆಗೆ ಮೈಸೂರಿನ ಅಧ್ಯಾಯವೂ ಇದೆ! ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಮೈಸೂರಿನವರ ಬಾಯಲ್ಲಿ ಬರೀ ಮಿಷನ್ ಆಸ್ಪತ್ರೆ. ಅಲ್ಲಿನ ಹೆರಿಗೆ ವಾರ್ಡಿನಲ್ಲಿ 1934ರಿಂದಲೂ ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಬಾರ್ಕರ್ ಅವರ ಸೌತಾಂಪ್ಟನ್ ಬಳಗ ಇಲ್ಲಿಗೂ ಬಂತು. ಆ ಪುಸ್ತಕಗಳಲ್ಲಿ ಕೂಸುಗಳಾಗಿ ನಮೂದಾಗಿದ್ದು ಆ ಹೊತ್ತಿಗೆ ನಡುವಯಸ್ಸಿನವರಾಗಿದ್ದ ಮೈಸೂರಿಗರನ್ನು ಹುಡುಕಿ, ಅವರ ಹೃದಯ, ಸಕ್ಕರೆಯ ಜೊತೆ ಉಸಿರನ್ನೂ ಅಳೆಯಿತು. 1997ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹುಟ್ಟುವಾಗ ತೂಕ ಕಡಿಮೆಯಿದ್ದವರ ಊದುಶಕ್ತಿ ದೊಡ್ಡವರಾದ ಮೇಲೂ ಕಡಿಮೆಯೇ. ಮೈಸೂರಿನ ಪುಸ್ತಕದಲ್ಲಿ ಹೆರಿಗೆಮನೆಯ ಅಳತೆಗಳಿದ್ದವು, ಮನೆಗೆ ಹೋದ ಮೇಲೆ ಕೂಸಿಗೆ ಬಂದ ಕೆಮ್ಮಿನ ವಿವರ ಇರಲಿಲ್ಲ. ಬರ್ನ್‌ಸೈಡ್ ಅವರ ಸಂದರ್ಶಕಿಯರು ಒಂದು ಹೆಜ್ಜೆ ಮುಂದೆ, ಅಂದರೆ ಮನೆ ಬಾಗಿಲವರೆಗೆ ಹೋಗಿದ್ದರು. ವ್ಯತ್ಯಾಸ ಅಷ್ಟೇ.

•

ಎಲ್ಲ ಅಧ್ಯಯನಗಳೂ ಬಾರ್ಕರ್ ಪರವಾಗಿಲ್ಲ. ಬ್ರಿಟನ್ನಿನಲ್ಲಿ 1958ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಜೀವನಪೂರ್ತಿ ಹಿಂಬಾಲಿಸುವ ಯೋಜನೆಯೊಂದಿದೆ. ಅವರಲ್ಲಿ 1,392 ಮಂದಿಯನ್ನು ಮೂವತ್ತನಾಲ್ಕು ಮೂವತ್ತೈದರ ವಯಸ್ಸಿನಲ್ಲಿ ಊದಿಸಿ ನೋಡಿದರು. ಏಳು ವರ್ಷದೊಳಗೆ ನ್ಯುಮೋನಿಯಾ ಬಂದಿದ್ದವರಲ್ಲಿ ಸುಮಾರು 100 ಮಿಲಿಲೀಟರ್ ಕೊರತೆ ಸ್ಪಷ್ಟವಾಗಿತ್ತು. ನಾಯಿಕೆಮ್ಮು ಬಂದಿದ್ದವರ ಕೊರತೆ ಅದಕ್ಕಿಂತ ತೀರ ಚಿಕ್ಕದು.

ಹಾಗಾದರೆ ಯಾರು ಸರಿ? ನನಗನ್ನಿಸುವುದು, ಇಬ್ಬರೂ ಬೇರೆ ಬೇರೆ ಪ್ರಶ್ನೆ ಕೇಳಿದ್ದಾರೆ. ಬಾರ್ಕರ್ ನೋಡಿದ್ದು ಹುಟ್ಟಿದ ಮೊದಲ ವರ್ಷದ ಕೆಮ್ಮನ್ನು, ಅದೂ ಲಸಿಕೆಯಾಗಲಿ ಆಂಟಿಬಯಾಟಿಕ್ ಆಗಲಿ ಇಲ್ಲದ ಕಾಲದಲ್ಲಿ. 1958ರ ಗುಂಪಿನಲ್ಲಿ ನಾಲ್ಕು, ಐದನೇ ವಯಸ್ಸಿನಲ್ಲಿ ಕೆಮ್ಮಿದ ಗಟ್ಟಿಮುಟ್ಟು ಮಕ್ಕಳೂ ಸೇರಿದ್ದಾರೆ. ಇದರ ಮೇಲೆ ಮರವೋ ಬೀಜವೋ ಎನ್ನುವ ತಕರಾರು ಬೇರೆ: ಹುಟ್ಟಿನಿಂದಲೇ ಶ್ವಾಸನಾಳ ಸಣ್ಣದಿದ್ದ ಕೂಸಿಗೆ ನಾಯಿಕೆಮ್ಮು ಹೆಚ್ಚು ಜೋರಾಗಿ ಕಾಡುತ್ತದೆ, ಅರವತ್ತರಲ್ಲಿ ಅಳೆದಾಗಲೂ ಅದೇ ಸಣ್ಣ ನಾಳವೇ ಸಿಗುತ್ತದೆ. ಕೆಮ್ಮು ಅಪರಾಧಿಯೋ, ಸಾಕ್ಷಿಯೋ? ಹೊಗೆ ತುಂಬಿದ, ಇಕ್ಕಟ್ಟಿನ, ಬಡ ಮನೆ ಕೆಮ್ಮು, ಕಡಿಮೆ ಉಸಿರು ಎರಡಕ್ಕೂ ಕಾರಣವಾಗಿರಬಹುದು. ಒಂದನ್ನಂತೂ ಧೈರ್ಯವಾಗಿ ಹೇಳಬಹುದು. ನಾಯಿಕೆಮ್ಮು ಬಂದು ವಾಸಿಯಾದ ಬಹುಪಾಲು ಮಕ್ಕಳು ಓಡಾಡಿಕೊಂಡು, ಮರ ಹತ್ತಿಕೊಂಡು, ಪೂರ್ತಿ ಉಸಿರಿನಲ್ಲೇ ಬೆಳೆಯುತ್ತಾರೆ. ಲೆಕ್ಕ ಏರುಪೇರಾಗುವುದು ಹೆಚ್ಚಾಗಿ ತೀರ ಎಳೆಯ ಕೂಸುಗಳಲ್ಲಿ, ಕೆಮ್ಮಿನ ಜೊತೆ ನ್ಯುಮೋನಿಯಾ ಸೇರಿಕೊಂಡವರಲ್ಲಿ.

•

ಕೂಸಿಗೇ ಏಕೆ ಹೆಚ್ಚು ಪೆಟ್ಟು? ಅದರ ಎದೆ ಇನ್ನೂ ಕಟ್ಟುತ್ತಿರುವ ಮನೆ. ದೊಡ್ಡವರ ಶ್ವಾಸಕೋಶದಲ್ಲಿ ಸರಾಸರಿ 48 ಕೋಟಿ ಗಾಳಿಗೂಡುಗಳಿವೆ. ಹುಟ್ಟಿದಾಗ ಇರುವುದು ಅದರ ಸಣ್ಣ ಪಾಲು. ಉಳಿದವುಗಳಲ್ಲಿ ಹೆಚ್ಚಿನವು ಮೂಡುವುದು ಮೊದಲ ಎರಡು ಮೂರು ವರ್ಷಗಳಲ್ಲಿ. ಗಾರೆ ಹಸಿಯಿದ್ದಾಗಲೇ ಮಳೆ ಬಂದಂತೆ.

•

ಕೊಳವೆಯ ಅಗಲ ಅರ್ಧಕ್ಕಿಳಿದರೆ ಗಾಳಿಗೆ ತಡೆ ದುಪ್ಪಟ್ಟಲ್ಲ, ಹದಿನಾರು ಪಟ್ಟು! ದೊಡ್ಡವರಿಗೆ ಲೆಕ್ಕಕ್ಕೇ ಬಾರದ ಒಂದು ಎಳೆ ಕಫ ಕೂಸಿನ ನಾಳವನ್ನು ಮುಚ್ಚಿಹಾಕುವುದು ಈ ಗಣಿತದಿಂದಲೇ.

•

ಶ್ವಾಸನಾಳ ಕಟ್ಟಿಕೊಳ್ಳುವ ಆ ದೀರ್ಘಕಾಲದ ಕಾಯಿಲೆ, ಸಿಒಪಿಡಿ, ಎಂದರೆ ಬೀಡಿ ಸೇದಿದವರ ಕಾಯಿಲೆ ಎಂದು ನಾವೆಲ್ಲ ತಿಳಿದಿದ್ದೇವೆ. ಅರ್ಧ ಸರಿ. 2015ರಲ್ಲಿ ಅಮೆರಿಕ, ಡೆನ್ಮಾರ್ಕ್‌ಗಳ ಮೂರು ದೀರ್ಘ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಸಿಒಪಿಡಿ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರ ಉಸಿರು ವೇಗವಾಗಿ ಕುಸಿದಿರಲೇ ಇಲ್ಲ. ಅವರು ನಲವತ್ತರೊಳಗೇ ಕಡಿಮೆ ಉಸಿರಿನವರಾಗಿದ್ದರು. ಆಮೇಲಿನ ಇಳಿತ ಎಲ್ಲರಂತೆ ಮಾಮೂಲು. ಬಂಡವಾಳವೇ ಕಡಿಮೆಯಿದ್ದ ಅಂಗಡಿ ಮಾಮೂಲು ಖರ್ಚಿಗೇ ಬಾಗಿಲು ಹಾಕಿದ ಹಾಗೆ.

•

ಉಸಿರನ್ನು ಅಳೆಯುವ ಸ್ಪೈರೋಮೀಟರನ್ನು ಜನಪ್ರಿಯಗೊಳಿಸಿದವರು ಲಂಡನ್ನಿನ ಜಾನ್ ಹಚಿನ್ಸನ್, 1846ರಲ್ಲಿ. ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಊದಿಸಿದ್ದರು ಪುಣ್ಯಾತ್ಮ.

•

ಸ್ಟೆತಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್ 1819ರ ತಮ್ಮ ಪುಸ್ತಕದಲ್ಲಿ ಬ್ರಾಂಕಿಯೆಕ್ಟೇಸಿಸ್ ಎಂಬ ಸ್ಥಿತಿಯನ್ನು ವರ್ಣಿಸಿದರು. ಶ್ವಾಸನಾಳಗಳು ಜೋತುಬಿದ್ದ ಚೀಲದಂತೆ ಅಗಲವಾಗಿ, ಕಫ ಅಲ್ಲೇ ನಿಂತು, ಬದುಕಿಡೀ ಕೆಮ್ಮು. ಲಸಿಕೆಗೆ ಮೊದಲಿನ ಕಾಲದಲ್ಲಿ ಇದಕ್ಕೆ ಕಾರಣವೆಂದು ವೈದ್ಯರು ಮೊದಲು ಶಂಕಿಸುತ್ತಿದ್ದ ಹೆಸರುಗಳೇ ದಡಾರ, ನಾಯಿಕೆಮ್ಮು, ಕ್ಷಯ. ಇಂದು ನಾಯಿಕೆಮ್ಮಿನಿಂದ ಇಷ್ಟರಮಟ್ಟಿಗೆ ಹೋಗುವುದು ಅಪರೂಪ. ಆದರೂ ನಾಲ್ಕು ವಾರ ಕಳೆದರೂ ಮಗು ಹಸಿ ಕೆಮ್ಮು ಕೆಮ್ಮುತ್ತಲೇ ಇದ್ದರೆ ಮಕ್ಕಳ ಡಾಕ್ಟರರು ಎದೆಯನ್ನು ಇನ್ನೊಮ್ಮೆ ನೋಡಲೇಬೇಕು.

•

ನಮ್ಮಲ್ಲಿ ಬೀದಿ ಬೀದಿಗೆ ಕತ್ತೆ ಹೊಡೆದುಕೊಂಡು ಬಂದು, ಮನೆ ಮುಂದೆಯೇ ಕರೆದು ಒಂದೊಂದು ಒಳಲೆ ಕತ್ತೆಹಾಲು ಮಾರುವವರು ಈಗಲೂ ಇದ್ದಾರೆ. ಕೂಸಿನ ಕೆಮ್ಮಿಗೆ, ದಮ್ಮಿಗೆ ಇದೇ ಮದ್ದೆಂಬ ನಂಬಿಕೆ. ಇಂಗ್ಲೆಂಡಿನವರೂ ನಾಯಿಕೆಮ್ಮಿಗೆ ಕತ್ತೆಯನ್ನೇ ನಂಬಿದ್ದರು, ಆದರೆ ಹಾಲಿಗಲ್ಲ. ಮಗುವನ್ನು ಕತ್ತೆಯ ಹೊಟ್ಟೆಯ ಕೆಳಗೆ ಎಣಿಸಿ ಒಂಬತ್ತು ಬಾರಿ ದಾಟಿಸುತ್ತಿದ್ದರು! ಮಗು ಗುಣವಾಗುತ್ತಿತ್ತು ಕೂಡ, ಏಕೆಂದರೆ ನೂರು ದಿನ ಕಳೆದರೆ ಹೆಚ್ಚಿನ ಮಕ್ಕಳು ಹೇಗೂ ಗುಣವಾಗುತ್ತಾರೆ. ಹೆಸರು ಕತ್ತೆಗೆ.

ಇದಕ್ಕಿಂತ ಭಯಂಕರವಾದುದು, ಕಲ್ಲಿದ್ದಲಿನಿಂದ ಅನಿಲ ತೆಗೆಯುವ ಕಾರ್ಖಾನೆಗೆ ಮಕ್ಕಳನ್ನು ಕರೆದೊಯ್ದು ಡಾಂಬರಿನ ಹೊಗೆ ಕುಡಿಸುವ ಪದ್ಧತಿ. ಇಪ್ಪತ್ತನೇ ಶತಮಾನದಲ್ಲಿ ಯುರೋಪಿನ ಕೆಲವೆಡೆ ಮಕ್ಕಳನ್ನು ವಿಮಾನದಲ್ಲಿ ಎತ್ತರಕ್ಕೆ ಹಾರಿಸಿಕೊಂಡು ಬರುವ ‘ನಾಯಿಕೆಮ್ಮು ಯಾನ’ಗಳೂ ನಡೆದವು.

•

ನಮ್ಮ ಪಾಲಿನ ಹೊಗೆ ಬಾಣಂತಿ ಕೋಣೆಯಲ್ಲಿದೆ. ಎರೆದ ಮೇಲೆ ಕೂಸಿಗೆ ಸಾಂಬ್ರಾಣಿ, ಲೋಬಾನದ ಧೂಪ ಹಿಡಿಯುವುದು ಎಷ್ಟೋ ಮನೆಗಳಲ್ಲಿ ಇನ್ನೂ ನಿಂತಿಲ್ಲ. ಕೂದಲು ಒಣಗುತ್ತದೆ, ಘಮ್ಮೆನ್ನುತ್ತದೆ, ನಿಜ. ಆದರೆ ಆ ಹೊಗೆ ಇಳಿಯುವುದು ಗಾಳಿಗೂಡು ಇನ್ನೂ ಕಟ್ಟುತ್ತಿರುವ ಎದೆಯೊಳಗೆ. ಅಜ್ಜಿಯಂದಿರ ಜೊತೆ ನಾನು ಜಗಳಕ್ಕಿಳಿಯುವ ಏಕೈಕ ವಿಷಯ ಇದು. ಗೆದ್ದ ದಾಖಲೆ ಇಲ್ಲ.

•

ಕೆಮ್ಮಿಗೆ ಜೇನುತುಪ್ಪ ನೆಕ್ಕಿಸುತ್ತೀರಾ? ವರ್ಷ ತುಂಬದ ಕೂಸಿಗೆ ಬೇಡವೇ ಬೇಡ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಗರುಳಿನಲ್ಲಿ ಮೊಳೆತು ಬಾಟುಲಿಸಂ ಎಂಬ ನಂಜು ಉಂಟುಮಾಡುತ್ತವೆ.

•

ನಾಯಿಕೆಮ್ಮಿಗೆ ನಂಬಬಹುದಾದ ಲಸಿಕೆ ಮಾಡಿದವರು ಇಬ್ಬರು ಮಾಜಿ ಶಾಲಾ ಶಿಕ್ಷಕಿಯರು: ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್. ಇಬ್ಬರಿಗೂ ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದುಹೋಗಿತ್ತು. ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನ ಪ್ರಯೋಗಾಲಯದಲ್ಲಿ ಹಗಲೆಲ್ಲ ನೀರು, ಹಾಲಿನ ಪರೀಕ್ಷೆ ಮಾಡಿ, ಸಂಜೆಯ ಮೇಲೆ ಸ್ವಂತ ಸಮಯದಲ್ಲಿ ಹೊರಡುತ್ತಿದ್ದರು. ಅದು 1932ರ ಆಸುಪಾಸು, ಆರ್ಥಿಕ ಕುಸಿತದ ವರ್ಷಗಳು. ಸೀಮೆಎಣ್ಣೆ ದೀಪದ ಬೆಳಕಿನ ಮನೆಗಳಲ್ಲಿ, ಮಕ್ಕಳ ಬಾಯಿ ಮುಂದೆ ತಟ್ಟೆ ಹಿಡಿದು ‘ಕೆಮ್ಮು ಮರಿ’ ಎನ್ನುವುದು ಅವರ ಸಂಶೋಧನೆ. ಆ ತಟ್ಟೆಯಲ್ಲಿದ್ದದ್ದು ಮತ್ತೇನಲ್ಲ, ಬೋರ್ಡೆ ಮತ್ತು ಜಾಂಗೂ ಅವರ ಹಳೆಯ ಪಾಕವೇ.

1934ರಲ್ಲಿ ಶುರುವಾದ ಪರೀಕ್ಷೆಯ ಮೊದಲ ಫಲ ಹೀಗಿತ್ತು: ಚುಚ್ಚುಮದ್ದು ಹಾಕಿಸಿಕೊಂಡ 712 ಮಕ್ಕಳಲ್ಲಿ 4 ಮಂದಿಗೆ ಕೆಮ್ಮು, ಹಾಕಿಸಿಕೊಳ್ಳದ 880ರಲ್ಲಿ 45 ಮಂದಿಗೆ. 1936ರಲ್ಲಿ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಆ ಪ್ರಯೋಗಾಲಯಕ್ಕೆ ಬಂದು ಗಂಟೆಗಟ್ಟಲೆ ಇದ್ದು ನೋಡಿಹೋದ ಮೇಲೆ ಕೆಲಸಗಾರರನ್ನು ಇಟ್ಟುಕೊಳ್ಳಲು ಸರ್ಕಾರದ ಹಣವೂ ಬಂತು. ನಾವೆಲ್ಲ ತೊಡೆ ನೋಯಿಸಿಕೊಂಡ ಡಿಪಿಟಿಯ ‘ಪಿ’ ಅಲ್ಲಿಂದ ಬಂದದ್ದು.

•

ಲಸಿಕೆ ನಿಲ್ಲಿಸಿದರೆ ಏನಾಗುತ್ತದೆ? ಜಪಾನ್ ನೋಡಿಬಿಟ್ಟಿದೆ. 1974ರಲ್ಲಿ ಅಲ್ಲಿ ಇಡೀ ದೇಶಕ್ಕೆ 393 ಪ್ರಕರಣ, ಸಾವು ಇಲ್ಲ. ಲಸಿಕೆಯ ನಂತರ ಎರಡು ಕೂಸುಗಳು ಸತ್ತ ಸುದ್ದಿಯಿಂದ ಭಯ ಹುಟ್ಟಿ ಲಸಿಕೆ ಕುಸಿಯಿತು. 1979ರಲ್ಲಿ ಪ್ರಕರಣ 13,000 ಮೀರಿದವು, 41 ಸಾವು. ಆ ಭಯದ ನಡುವೆಯೇ ಯೂಜಿ ಸಾಟೊ, ಹಿರೋಕೊ ಸಾಟೊ ಅವರು ಜ್ವರ, ಊತ ಕಡಿಮೆ ಬರಿಸುವ ಹೊಸ ಬಗೆಯ ಲಸಿಕೆ ತಯಾರಿಸಿದರು. 1981ರಿಂದ ಜಪಾನ್ ಅದನ್ನೇ ಬಳಸಿತು, ಆಮೇಲೆ ಹೆಚ್ಚಿನ ಸಿರಿವಂತ ದೇಶಗಳು ಹಿಂಬಾಲಿಸಿದವು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂದಿಗೂ ಹಾಕುವುದು ಹಳೆಯ ಬಗೆಯದ್ದೇ: ಜ್ವರ ಜಾಸ್ತಿ, ಬಾಳಿಕೆಯೂ ಜಾಸ್ತಿ.

•

ಬಬೂನ್ ಕೋತಿಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ ಹೊಸ ಲಸಿಕೆ ಹಾಕಿಸಿಕೊಂಡ ಕೋತಿಗಳು ಕೆಮ್ಮಲಿಲ್ಲ, ಆದರೆ ಬ್ಯಾಕ್ಟೀರಿಯಾವನ್ನು ಗಂಟಲಲ್ಲಿ ಹೊತ್ತುಕೊಂಡು ಜೊತೆಗಿಟ್ಟ ಕೋತಿಗಳಿಗೆ ದಾಟಿಸಿದವು.

•

ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎನ್ನುವುದು ಸುಳ್ಳು. ಲಸಿಕೆಯ ರಕ್ಷಣೆ ಕೆಲವು ವರ್ಷಗಳಲ್ಲಿ ಸವೆಯುತ್ತದೆ, ರೋಗವೇ ಕೊಟ್ಟ ರಕ್ಷಣೆಯೂ ಸವೆಯುತ್ತದೆ. ಆದ್ದರಿಂದಲೇ ‘ಏನೋ ಹಾಳು ಕೆಮ್ಮು, ತಿಂಗಳಾಯ್ತು ಹೋಗ್ತಿಲ್ಲ’ ಎನ್ನುತ್ತ ನಾಮಕರಣಕ್ಕೆ ಬಂದು ಕೂಸನ್ನು ಎತ್ತಿ ಮುದ್ದಾಡುವ ಚಿಕ್ಕಪ್ಪ ತಾನೇ ನಾಯಿಕೆಮ್ಮಿನವನಾಗಿರಬಹುದು. ಎಳೆಗೂಸಿಗೆ ರೋಗ ತಗಲುವುದು ಹೆಚ್ಚಾಗಿ ಮನೆಯವರಿಂದಲೇ.

•

ನಮ್ಮ ದೇಶದ ಪಟ್ಟಿಯಂತೆ ನಾಯಿಕೆಮ್ಮಿನ ಲಸಿಕೆಯೂ ಸೇರಿದ ಪೆಂಟಾವೇಲೆಂಟ್ ಚುಚ್ಚುಮದ್ದು ಆರು, ಹತ್ತು, ಹದಿನಾಲ್ಕನೇ ವಾರಕ್ಕೆ. ಆಮೇಲೆ ಒಂದೂವರೆ ವರ್ಷದ ಹೊತ್ತಿಗೆ, ಐದಾರು ವರ್ಷಕ್ಕೆ ಡಿಪಿಟಿ. ಹಾಗಾದರೆ ಮೊದಲ ಆರು ವಾರ? ಬ್ರಿಟನ್ 2012ರ ಅಕ್ಟೋಬರಿನಲ್ಲಿ ಬಸುರಿಯರಿಗೇ ಲಸಿಕೆ ಹಾಕಲು ಶುರುಮಾಡಿತು. ತಾಯಿಯ ರಕ್ಷಣೆ ಹೊಕ್ಕುಳಬಳ್ಳಿಯಿಂದ ಇಳಿದು ಕೂಸಿಗೆ ಮೊದಲ ತಿಂಗಳುಗಳ ಕವಚವಾಗುತ್ತದೆ. 2024ರಲ್ಲಿ ಇಂಗ್ಲೆಂಡಿನಲ್ಲಿ ನಾಯಿಕೆಮ್ಮು ಮತ್ತೆ ಎದ್ದಾಗ 11 ಕೂಸುಗಳು ಸತ್ತವು. ನಮ್ಮಲ್ಲಿ ಬಸುರಿಯರಿಗೆ ಸರ್ಕಾರಿ ಪಟ್ಟಿಯಲ್ಲಿರುವುದು ಧನುರ್ವಾಯು, ಗಂಟಲಮಾರಿಗಳ ಚುಚ್ಚುಮದ್ದು. ನಾಯಿಕೆಮ್ಮೂ ಸೇರಿದ ಟಿಡ್ಯಾಪ್ ಬೇಕಾದರೆ ಖಾಸಗಿಯಲ್ಲಿ ಕೇಳಿ ಹಾಕಿಸಿಕೊಳ್ಳಬೇಕು.

•

ಹಲ್ಲು ಬಂದ ಮಗುವಿಗೆ ನಾಯಿಕೆಮ್ಮಾದರೆ ನಾಲಿಗೆಯ ಕೆಳಗಿನ ಎಳೆಯಲ್ಲಿ ಹುಣ್ಣಾಗುವುದುಂಟು. ಕೆಮ್ಮುವಾಗಲೆಲ್ಲ ನಾಲಿಗೆ ಹೊರಚಾಚಿ ಕೆಳಹಲ್ಲಿಗೆ ಉಜ್ಜಿ ಉಜ್ಜಿ ಆದ ಗಾಯ. ಪರೀಕ್ಷೆಗಳಿಲ್ಲದ ಕಾಲದ ಡಾಕ್ಟರರು ನಾಲಿಗೆ ಎತ್ತಿಸಿ ನೋಡುತ್ತಿದ್ದರು.

•

ಅರವತ್ತರವರು ದಮ್ಮು ಎಂದು ಹೋದರೆ ಎದೆಯ ವೈದ್ಯರು ‘ಚಿಕ್ಕಂದಿನಲ್ಲಿ ನ್ಯುಮೋನಿಯಾ, ನಾಯಿಕೆಮ್ಮು ಏನಾದರೂ ಬಂದಿತ್ತೇ?’ ಎಂದು ಕೇಳುವುದುಂಟು. ಉತ್ತರ ಗೊತ್ತಿರುವವರು ಎಷ್ಟು ಜನ? ಈಗಿನ ಮಕ್ಕಳಿಗಾದರೆ ತಾಯಿ ಕಾರ್ಡ್ ಇದೆ, ಹುಟ್ಟುತೂಕವೂ ಚುಚ್ಚುಮದ್ದಿನ ತಾರೀಕೂ ಅದರಲ್ಲಿ ಸಿಗುತ್ತವೆ. ಈ ಅಂಕಣ ಬರೆಯುವಾಗ ನಾನೂ ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ.

‘ಬಂದಿತ್ತಲ್ಲ, ಬೆಳತನಕ ಹೆಗಲ ಮೇಲೆ ಹಾಕ್ಕೊಂಡು ಓಡಾಡಿದೀನಿ’ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಡಿ, ಅದು ನಿನಗಲ್ಲ, ನಿನ್ನಣ್ಣನಿಗೆ. ಅಥವಾ ಇಬ್ರಿಗೂ ಬಂದಿತ್ತೇನೋ. ಆಗ ಯಾರು ಬರ್ಕೊಳ್ತಿದ್ರು ಹೇಳು?’